ಎರಡನೆಯ ಸಾಕ್ಷಿಯ ಖಾನೆ

ಫೆಬ್ರವರಿ 15, ಗುರುವಾರ

ಸಹಿ ಮೇಜು. ಹತ್ತರಿಂದ ಹನ್ನೆರಡು. ಬೇಕರಿಗೂ ಔಷಧಿ ಅಂಗಡಿಗೂ ನಡುವೆ ಅದೇ ಮಡಚುವ ಮೇಜು, ಅದೇ ಕುಂಟು ಕುರ್ಚಿ. ಮೂವತ್ತೊಂದು ಜನ. ಹೆಚ್ಚಿನವು ಪಾಸ್‌ಪೋರ್ಟ್ ನಕಲು, ಬಾಡಿಗೆ ಕಾಗದ. ಒಬ್ಬಳು ಮನೆಯಲ್ಲೇ ಸಹಿ ಹಾಕಿಕೊಂಡು ಬಂದಿದ್ದಳು. ವಾಪಸ್ ಕಳಿಸಿದೆ. ಸಹಿ ಬೀಳುವುದನ್ನು ಕಣ್ಣಾರೆ ನೋಡಬೇಕು, ಆಮೇಲೆ ಸ್ಟ್ಯಾಂಪ್ ಒತ್ತಬೇಕು. ಜೆ.ಪಿ. ಅಂತ, ಅಂದರೆ ಊರಿನವರ ಸಹಿಗೆ ಸಾಕ್ಷಿ ನಿಲ್ಲುವ ‘ಜಸ್ಟಿಸ್ ಆಫ್ ದ ಪೀಸ್’ ಅಂತ, ಸರ್ಕಾರ ನನ್ನನ್ನು ಮಾಡಿರುವುದೇ ಅದಕ್ಕೆ. ಪುಕ್ಕಟೆ ಕೆಲಸಕ್ಕೆ ಎಷ್ಟು ಜಂಬ ಎಂದು ಗೊಣಗಿಕೊಂಡು ಹೋದಳು. ಪುಕ್ಕಟೆ ಎಂದೇ ಜಂಬ. ಸಂಬಳ ಕೊಟ್ಟಿದ್ದರೆ ಬಾಯಿ ಮುಚ್ಚಿಕೊಂಡು ಒತ್ತುತ್ತಿದ್ದೆ.

ಬ್ರೋಕನ್ ಹಿಲ್‌ನಲ್ಲಿ ಇವತ್ತು ನಲವತ್ತೆರಡು ಡಿಗ್ರಿ. ಗಣಿ ದಿಬ್ಬದ ಕಡೆಯಿಂದ ಧೂಳು. ಮನೆಯ ತಗಡಿನ ಗೋಡೆ ಮುಟ್ಟಿದರೆ ಬೊಬ್ಬೆ ಏಳುತ್ತದೆ.

ಎಲ್ವಾ ಊಟಕ್ಕೆ ಕಾಯುತ್ತಿದ್ದಳು. ಕೈ ನಡುಕ ಇವತ್ತು ಜಾಸ್ತಿ. ಚಮಚ ಬಾಯಿಗಿಂತ ಕಿವಿಗೆ ಹತ್ತಿರ. ಪಾರ್ಕಿನ್ಸನ್ ಅವಳ ಕೈಕಾಲು ಹಿಡಿದಿದೆ, ನಾಲಿಗೆಯನ್ನು ಮುಟ್ಟಿಲ್ಲ. ಅರ್ಧ ಸೂಪ್ ಆದ ಮೇಲೆ ಹೇಳಿದಳು — ವಿಲ್ ಬದಲಿಸುತ್ತಾಳಂತೆ. ಹಳೆಯದು ಗಂಡ ಆಲ್ಫ್ ಬದುಕಿದ್ದಾಗ ಬರೆದದ್ದು, ಅದರಲ್ಲಿ ಎಲ್ಲವೂ ಆಲ್ಫ್‌ನ ಅಣ್ಣನ ಮಗ ಗ್ಲೆನ್‌ಗೆ. ಹೊಸದರಲ್ಲಿ ಮನೆ ನನಗೆ, ಉಳಿದದ್ದು ಗ್ಲೆನ್‌ಗೆ.

"ನಿನ್ನ ತಗಡಿನ ಡಬ್ಬಿ ಯಾರಿಗೆ ಬೇಕೇ?" ಅಂದೆ. ಬಟ್ಟೆ ಒಣಹಾಕಲು ಹೊರಗೆ ಹೋದೆ.

ಬೇಕು. ಇಲ್ಲಿ ಬರೆದುಕೊಳ್ಳಲು ನಾಚಿಕೆ ಏನು. ಅರವತ್ತೊಂಬತ್ತು ನನಗೆ. ಮದುವೆ ಇಲ್ಲ, ಮಕ್ಕಳಿಲ್ಲ. ಇವಳ ಸೊಂಟ ಮುರಿದಾಗ ಎರಡು ವಾರ ನೋಡಿಕೊಳ್ಳಲು ಬಂದವಳು, ಒಂಬತ್ತು ವರ್ಷವಾಯಿತು. ಬಾಡಿಗೆ ಮನೆ ಬಿಟ್ಟೆ. ಇದ್ದ ಕುರ್ಚಿ ಮಂಚ ಮಾರಿದೆ. ಇವಳು ಕಣ್ಣು ಮುಚ್ಚಿದ ಮಾರನೆಯ ದಿನ ನನ್ನದೆಂದು ತೆರೆಯುವ ಒಂದು ಬಾಗಿಲೂ ಈ ಊರಲ್ಲಿಲ್ಲ.

ಫೆಬ್ರವರಿ 20

ಬೆಳಗಿನಿಂದ ಜಗಳ. ಎಲ್ವಾ ವಿಲ್ಲನ್ನು ಟ್ಯಾಬಿನಲ್ಲೇ ಬರೆದು ಟ್ಯಾಬಿನಲ್ಲೇ ಸಹಿ ಹಾಕುತ್ತಾಳಂತೆ. ಹೊಸ ಕಾಯಿದೆಯಲ್ಲಿ ನಡೆಯುತ್ತದೆ. ಸಿಡ್ನಿಯ ಯಾವುದೋ ಕಂಪನಿ. ಸಾಕ್ಷಿಗಳು ಪರದೆಯ ಆ ಕಡೆಯಿಂದ ನೋಡಿ ಅಲ್ಲಿಂದಲೇ ಸಹಿ ಹಾಕುತ್ತಾರೆ.

ವಕೀಲರ ಆಫೀಸಿನಲ್ಲಿ ನಲವತ್ತು ವರ್ಷ ವಿಲ್ ಟೈಪ್ ಮಾಡಿದವಳು ನಾನು. ಸ್ಟೇಪಲ್ ಕಿತ್ತು ಮತ್ತೆ ಹೊಡೆದರೂ ಗುರುತು ಹಿಡಿಯುತ್ತೇನೆ. ಎರಡು ತೂತಿನ ಬದಲು ನಾಲ್ಕು ತೂತು ಕಂಡರೆ ಕೋರ್ಟು ಪ್ರಮಾಣಪತ್ರ ಕೇಳುತ್ತದೆ, ನಡುವೆ ಹಾಳೆ ಯಾವುದಾದರೂ ಹೋಯಿತೇ ಎಂದು. ಗಾಜಿನ ಮೇಲೆ ಬೆರಳಾಡಿಸಿದ್ದರಲ್ಲಿ ಏನು ಹುಡುಕುವುದು?

ಅದೇ ಆಫೀಸು ಈಗ ರೂಬೆನ್‌ನದು. ಒಳ್ಳೆಯ ಹುಡುಗ. ಅವನನ್ನೇ ಮನೆಗೆ ಕರೆಯೋಣ ಎಂದೆ. ರೂಬೆನ್ ಬಾಗಿಲಲ್ಲಿ ಕಾರು ನಿಲ್ಲಿಸಿದರೆ ಸಂಜೆಯೊಳಗೆ ಕ್ಲಬ್ಬಿನಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ ಎಂದಳು. ಅದು ನಿಜ. ಆಫೀಸಿಗೆ ಹೋಗೋಣ ಎಂದರೆ ಅಲ್ಲಿ ಮೂರು ಮೆಟ್ಟಿಲು. "ನನ್ನನ್ನ ಆಲೂಗೆಡ್ಡೆ ಮೂಟೆ ಥರ ಹೊತ್ಕೊಂಡು ಹೋಗ್ತೀಯಾ? ಊರೆಲ್ಲ ನೋಡ್ಲಿ ಅಂತಾನಾ?"

ಎರಡು ವರ್ಷದ ಹಿಂದೆ ಸರ್ಕಾರದ ಸಮಿತಿ ಜನರ ಅಭಿಪ್ರಾಯ ಕೇಳಿತ್ತು. ವಿಲ್ಲಿನ ಕಾಯಿದೆ ಹೊಸದು ಮಾಡಬೇಕೇ, ಹೇಗೆ ಮಾಡಬೇಕು ಅಂತ. ನಾಲ್ಕು ಪುಟ ಬರೆದು ಕಳಿಸಿದ್ದೆ. ಒಂದೂ ಸಡಿಲ ಮಾಡಬೇಡಿ ಎಂದು. ಎಲ್ವಾ ಆಗ ಓದಿ, ನಿನ್ನಂಥವಳ ಕೈಗೆ ರಾಜ್ಯ ಕೊಟ್ಟರೆ ಸಾಯುವುದಕ್ಕೂ ಮೂರು ಪ್ರತಿಯ ಅರ್ಜಿ ಬೇಕಾಗುತ್ತದೆ ಅಂದಿದ್ದಳು.

ಕೊನೆಗೆ ಅವಳದೇ ಗೆದ್ದಿತು. ಮನೆ ಅವಳದು, ಬೆರಳು ಅವಳದು.

ಫೆಬ್ರವರಿ 27

ಒಂದು ಬೆರಳಲ್ಲಿ ಒಂದು ವಾರ ಒತ್ತಿ ಒತ್ತಿ ಫಾರಂ ತುಂಬಿದ್ದಾಳೆ. ನನಗೆ ತೋರಿಸಲಿಲ್ಲ. ನಾನೂ ಕೇಳಲಿಲ್ಲ. ಕಂಪನಿಯ ಹುಡುಗಿ ಫೋನಿನಲ್ಲಿ ಹೇಳಿದಳಂತೆ — ಮನೆ ಪಡೆಯುವವರು ಆ ಹೊತ್ತಿಗೆ ಕೋಣೆಯಲ್ಲಿ ಇರಕೂಡದು. ಅಷ್ಟಾದರೂ ಬುದ್ಧಿ ಇದೆ. ಮುಂದಿನ ಮಂಗಳವಾರ ಎರಡು ಗಂಟೆಗೆ. ಎಲ್ವಾ ತಾನೇ ಮಾತಾಡಿ ಗೊತ್ತು ಮಾಡಿದಳು, ಕ್ಯಾಲೆಂಡರಿನಲ್ಲಿ ತಾನೇ ಸೊಟ್ಟ ಎರಡು ಬರೆದಳು. ಟ್ಯಾಬ್ ಹಿಡಿಯಲು ಪಕ್ಕದ ಮನೆಯ ಸ್ಟೀಪೆ ಬರುತ್ತಾನೆ. ಮೂವತ್ತು ವರ್ಷ ಗಣಿಯ ಒಳಗೆ ಇದ್ದವನು, ಮಾತು ಅಲ್ಲೇ ಬಿಟ್ಟು ಬಂದಿದ್ದಾನೆ. ಕ್ಲಬ್ಬಿಗೆ ಸುದ್ದಿ ಹೋಗುವುದಿಲ್ಲ. ನಾನು ಒಂದೂಮುಕ್ಕಾಲಿಗೆ ಲೈಬ್ರರಿಗೆ ಹೊರಟುಬಿಡುವುದು.

ಮಾರ್ಚ್ 5, ಮಂಗಳವಾರ

ಆಯಿತು. ಹೇಗಾಯಿತೋ ಹಾಗೆ.

ಒಂದೂವರೆಗೆ ಟ್ಯಾಬ್ ಬಡಿದುಕೊಂಡಿತು. ಎಲ್ವಾಳ ಬಾಯಲ್ಲಿ ಇನ್ನೂ ಗಂಜಿ. ಪರದೆಯಲ್ಲಿ ಒಂದು ಹುಡುಗಿ, ಟಾಲಿಯಾ ಅಂತೆ. ರೆಡಿನಾ ಎಂದಳು. ಎರಡು ಗಂಟೆ ಅಂದಿದ್ದಿರಲ್ಲ ಎಂದರೆ, ಎರಡೇ ಅಲ್ವಾ ಈಗ ಎಂದಳು. ಸಿಡ್ನಿಯ ಎರಡು! ನಮ್ಮ ರಾಜ್ಯ ಸಿಡ್ನಿಯದು, ಗಡಿಯಾರ ಅಡಿಲೇಡಿನದು. ನೂರು ವರ್ಷದಿಂದ ಬ್ರೋಕನ್ ಹಿಲ್ ಅರ್ಧ ಗಂಟೆ ಹಿಂದೆ ನಡೆಯುತ್ತಿದೆ. ಹೊರಗಿನವರು ಇದನ್ನು ಮರೆಯುತ್ತಾರೆ. ಊರಲ್ಲಿ ಹುಟ್ಟಿದವರು ಇನ್ನೂ ಚೆನ್ನಾಗಿ ಮರೆಯುತ್ತೇವೆ. ಎರಡು ಎಂದರೆ ನಮ್ಮ ಎರಡೇ, ಬೇರೆ ಎರಡು ಯಾವುದು ಅಂತ.

ಸ್ಟೀಪೆ ಮನೆಯಲ್ಲಿಲ್ಲ. ಬೇರೆ ದಿನ ಎಂದರೆ ಮೂರು ವಾರ ಕಾಯಬೇಕಂತೆ. ಎಲ್ವಾ ಹಟ ಹಿಡಿದಳು — ಈಗಲೇ.

ಮೊದಲ ಪ್ರಶ್ನೆಗಳಿಗೆ ನನ್ನನ್ನು ಹೊರಗೆ ಕಳಿಸಿದರು. ಹಿತ್ತಲಿನಲ್ಲಿ ಟವೆಲ್ ಮಡಿಸುತ್ತ ನಿಂತೆ. ಆಮೇಲೆ ಎಲ್ವಾ ಕೂಗಿದಳು. ಟ್ಯಾಬ್ ಜಾರಿ ಬಿದ್ದಿತ್ತು, ಸಿಡ್ನಿಯವರಿಗೆ ನಮ್ಮ ಫ್ಯಾನ್ ಮಾತ್ರ ಕಾಣುತ್ತಿತ್ತು. ನಾನೇ ಹಿಡಿದುಕೊಂಡೆ. ಬೇರೆ ಯಾರಿದ್ದರು? ಎಲ್ವಾ ಬೆರಳು ಊರಿ ಹೆಸರು ಬರೆದಳು. ನಾಲ್ಕು ನಿಮಿಷ. ಮುಗಿಸಿ ಹುಡುಗಿಗೆ ಹೇಳಿದಳು: "ಈ ಮನೆ ವರ್ನಾದು. ಸರಿಯಾಗಿ ಕೇಳಿಸ್ತಾ?" ನಾನು ಗೋಡೆ ನೋಡುತ್ತಿದ್ದೆ.

ಟಾಲಿಯಾ ಸಹಿ ಹಾಕಿದಳು. ಎರಡನೆಯ ಸಾಕ್ಷಿ ಯಾವನೋ ಜಾಷ್, ಅಲ್ಲೇ ಪಕ್ಕದ ಚೌಕದಲ್ಲಿದ್ದ. ಬಾಯಿ ತೆರೆದವನು ಹಾಗೇ ನಿಂತುಬಿಟ್ಟ. ಲೈನ್ ಹೋಯಿತಂತೆ. ಒಂದು ನಿಮಿಷ ಎಂದು ಟಾಲಿಯಾ ಎದ್ದು ಹೋದಳು. ಪರದೆಯ ಮೇಲೆ ಕೆಂಪು ಖಾನೆ ಮಿಣಮಿಣ ಅನ್ನುತ್ತಲೇ ಇತ್ತು. ಎಲ್ವಾ ಸುಸ್ತಾಗಿದ್ದಳು. ಆ ಖಾನೆ ನಾನೇ ತುಂಬಿಬಿಟ್ಟೆ. ಹೆಸರು, ಸಹಿ, ಜೆ.ಪಿ. ನಂಬರ್. ತಕ್ಷಣ ಹಸಿರು ಗುರುತು, ಪರದೆ ತುಂಬ ಬಣ್ಣದ ಕಾಗದದ ಚೂರು ಉದುರಿದವು. ಲಾಟರಿ ಹೊಡೆದ ಹಾಗೆ. ಟಾಲಿಯಾ ಬಂದು, ಓ ಆಗೇಹೋಯ್ತಲ್ಲ, ಅಭಿನಂದನೆ ಎಂದಳು.

ಸರಿಯಾಗಿ ಎರಡಕ್ಕೆ ಸ್ಟೀಪೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಚೀಸ್-ಗಜ್ಜರಿ ಸ್ಯಾಂಡ್‌ವಿಚ್ ತಟ್ಟೆ ಹಿಡಿದು ಬಾಗಿಲಲ್ಲಿ. ಎಲ್ವಾ ಎರಡು ತಿಂದಳು. ತಿಂಗಳಿಂದ ಅಷ್ಟು ತಿಂದಿರಲಿಲ್ಲ.

ಮಾರ್ಚ್ 7, ಗುರುವಾರ

ಸಹಿ ಮೇಜು. ಹನ್ನೊಂದರ ಹೊತ್ತಿಗೆ ಒಬ್ಬ ಮುದುಕ ಮಗನ ಜೊತೆ ಬಂದ. ವಿಲ್ ಕಾಗದ. ತಿಜೋರಿಯ ಬಂದೂಕಿನಿಂದ ಹಿಡಿದು ಎಲ್ಲವೂ ಮಗನಿಗೆ, ಸಾಕ್ಷಿಯೂ ಮಗನೇ. ನನ್ನ ಮಾಮೂಲಿ ಪಾಠ ಶುರು ಮಾಡಿದೆ. "ನೋಡಪ್ಪ, ಆಸ್ತಿ ತಗೊಳ್ಳೋನು ಸಾಕ್ಷಿ ಹಾಕೋ ಹಾಗಿಲ್ಲ. ಹಾಕಿದ್ರೆ ವಿಲ್ ಉಳಿಯುತ್ತೆ, ಅವನಿಗೆ ಬರೆದಿದ್ದು ಹೋಗುತ್ತೆ."

ಹೇಳಿ ಮುಗಿಸಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು.

ಮುದುಕ ಏನೋ ಕೇಳುತ್ತಿದ್ದ. ಸ್ಟ್ಯಾಂಪ್ ಕೈಯಲ್ಲೇ ಇತ್ತು. ಮೇಜು ಮಡಚಿ ಬಂದುಬಿಟ್ಟೆ, ಸಾಲಿನಲ್ಲಿ ಇನ್ನೂ ಆರು ಜನ ಇದ್ದರು.

ಮೂವತ್ತೊಂದು ವರ್ಷದಿಂದ ಖಾಲಿ ಖಾನೆ ಕಂಡರೆ ಸಹಿ ಹಾಕುತ್ತ ಬಂದ ಕೈ. ಯಾರ ಖಾನೆ ಎಂದು ತಲೆ ಕೇಳಲೇ ಇಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಮುಸುರೆ ಬಾನಿಗೆ ಬಿತ್ತಂತೆ. ಹಲ್ಲಿಗೆ ನಲವತ್ತು ವರ್ಷದ ಅನುಭವ ಬೇರೆ.

ಈಗಿರುವ ಸ್ಥಿತಿ: ವಿಲ್ ಊರ್ಜಿತ, ಸಾಕ್ಷಿ ಇಬ್ಬರು, ಟಾಲಿಯಾ ಮತ್ತು ನಾನು. ನನಗೆ ಬರೆದ ಮನೆ ಮಾತ್ರ ಇಲ್ಲ. ಅದು "ಉಳಿದದ್ದು" ಆಗಿ ಗ್ಲೆನ್‌ಗೆ ಸೇರುತ್ತದೆ.

ಪರಿಹಾರ ಸುಲಭ. ಎಲ್ವಾ ಇನ್ನೊಮ್ಮೆ ಸಹಿ ಹಾಕಿದರೆ ಮುಗಿಯಿತು. ನಾನು ಬಾಯಿ ಬಿಟ್ಟು ಕೇಳಬೇಕು, ಅಷ್ಟೇ.

ಮಾರ್ಚ್ 12

ಕೇಳಲಿಲ್ಲ.

ಬೆಳಿಗ್ಗೆ ಸ್ನಾನ ಮಾಡಿಸುವಾಗ ಶುರು ಮಾಡಿದೆ — ಎಲ್ವಾ, ಆವತ್ತಿನ ಕಾಗದದಲ್ಲಿ ಒಂದು... ಅಷ್ಟರಲ್ಲಿ ಅವಳೇ: "ಮನೆ ನಿಂದಾಯ್ತಲ್ಲ, ಇನ್ನಾದ್ರೂ ಜಗಲಿಗೆ ಬಣ್ಣ ಹೊಡೆಸೇ." ನಕ್ಕಳು. ತಮಾಷೆಗೇ ಅಂದದ್ದು. ನಾನು ಅವಳ ಬೆನ್ನಿಗೆ ನೀರು ಹೊಯ್ದೆ.

ಏನೆಂದು ಕೇಳುವುದು? ಎಲ್ವಾ, ಇನ್ನೊಂದು ಸಲ ಸಹಿ ಹಾಕು, ಮನೆ ನನಗೆ ಬರಲಿ ಅಂತಲೇ? ತಗಡಿನ ಡಬ್ಬಿ ಯಾರಿಗೆ ಬೇಕು ಎಂದ ಬಾಯಲ್ಲೇ? ಕಳೆದ ವರ್ಷ ಕ್ಲಬ್ಬಿನಲ್ಲಿ ಬ್ಯಾಂಕಿನವನ ಹೆಂಡತಿ ಎಲ್ಲರೆದುರು ಅಂದಿದ್ದಳು, ಇಷ್ಟು ವರ್ಷದ ಸಂಬಳ ಒಟ್ಟಿಗೆ ಸಿಗುತ್ತೆ ಬಿಡು ವರ್ನಾ ಎಂದು. ಆವತ್ತಿನಿಂದ ಕ್ಲಬ್ಬಿಗೆ ಹೋಗಿಲ್ಲ. ಎಲ್ವಾಳ ಮುಖದಲ್ಲೂ ಆ ಮಾತು ಕಂಡರೆ?

ನಾಳೆ ಕೇಳುತ್ತೇನೆ.

ಮಾರ್ಚ್ 28

ಕೇಳಿಲ್ಲ. ಕೆಮ್ಮು ಅವಳಿಗೆ. ಆಸ್ಪತ್ರೆಗೆ ಸೇರಿಸಿದೆವು.

ಏಪ್ರಿಲ್ 9

ಆಸ್ಪತ್ರೆ. ಕಿಟಕಿಯಿಂದ ಗಣಿ ದಿಬ್ಬ ಕಾಣುತ್ತದೆ. ಈ ಊರಲ್ಲಿ ಎಲ್ಲ ಕಿಟಕಿಯಿಂದಲೂ ಅದೇ. ಎಲ್ವಾ ಇವತ್ತು ಚುರುಕಾಗಿದ್ದಳು. ನರ್ಸಿನ ಕೂದಲಿಗೆ ಒಂದು ಮಾತು, ಸೂಪಿಗೆ ಒಂದು ಮಾತು.

ನರ್ಸ್ ಹೋದ ಮೇಲೆ ಕೇಳಿದಳು. "ಏನೋ ಹೇಳ್ಬೇಕು ಅಂತ ತಿಂಗಳಿಂದ ಒದ್ದಾಡ್ತಿದೀಯ. ಏನೇ ಅದು?"

ಬಾಗಿಲು ಅವಳೇ ತೆರೆದು ಕೊಟ್ಟಳು. ಒಳಗೆ ಹೋಗುವುದಷ್ಟೇ ಬಾಕಿ.

"ನಿನ್ನ ಚಪ್ಪಲಿ ತರೋದು ಮರೆತೆ" ಅಂದೆ.

ಹೊದಿಕೆ ಗಲ್ಲದ ತನಕ ಎಳೆದುಕೊಂಡಳು. ಆಮೇಲೆ, ನಾಳೆ ಬರ್ತೀಯಲ್ಲ ಎಂದಳು. ದಿನಾ ಕೇಳುತ್ತಾಳೆ, ಎದ್ದು ಹೊರಡುವಾಗ ಮತ್ತೆ ಕೇಳುತ್ತಾಳೆ. ನಿಂಗೆ ಬೇರೆ ಕೆಲಸ ಇಲ್ವಾ ಎಂದು ಗದರಿದೆ.

ಮೇ 2, ಗುರುವಾರ

ಎಲ್ವಾ ಹೋಗಿ ಹನ್ನೊಂದು ದಿನ.

ಸ್ಟೀಪೆ ಶವಪೆಟ್ಟಿಗೆ ಹೊತ್ತ. ಚಾಪೆಲ್ ತುಂಬಿತ್ತು. ಟೀ ಕುಡಿಯುವಾಗ ನಾಲ್ಕು ಜನ ಬಂದು ಕೈ ಹಿಡಿದರು — ಮನೆಯಾದರೂ ಇದೆಯಲ್ಲ ನಿನಗೆ ಎಂದರು. ಹೂಂ ಅಂದೆ.

ಇವತ್ತು ಸಹಿ ಮೇಜಿಗೆ ಹೋಗಲಿಲ್ಲ. ಬೆಳಿಗ್ಗೆ ಅಭ್ಯಾಸಬಲದಿಂದ ಎರಡು ಬಟ್ಟಲಿಗೆ ಗಂಜಿ ಹಾಕಿದ್ದೆ. ಎರಡನ್ನೂ ತಿಂದೆ, ಚೆಲ್ಲಲು ಮನಸ್ಸಾಗಲಿಲ್ಲ.

ಆರೂವರೆ ವಾರ ಇತ್ತು ನನಗೆ. ಮಾರ್ಚ್ ಏಳರಿಂದ ಲೆಕ್ಕ ಹಾಕಿದರೆ. ಒಂದು ವಾಕ್ಯ ಹೇಳಲು ಆರೂವರೆ ವಾರ ಸಾಲಲಿಲ್ಲ.

ಮೇ 11, ಶನಿವಾರ

ಗ್ಲೆನ್ ಬಂದಿದ್ದ. ಜೀಲಾಂಗ್‌ನಿಂದ, ಅಷ್ಟು ದೂರ ಒಬ್ಬನೇ ಕಾರು ಓಡಿಸಿಕೊಂಡು. ಐವತ್ತೆರಡು ವಯಸ್ಸು. ಆಲ್ಫ್‌ನದೇ ಮೂಗು. ಕೆಟ್ಟವನಾಗಿದ್ದರೆ ಸುಲಭವಿತ್ತು. ಕೆಟ್ಟವನಲ್ಲ. ತಟ್ಟೆ ತಾನೇ ತೊಳೆದಿಟ್ಟ. ಎಲ್ವಾಳ ಗಾಲಿಕುರ್ಚಿಯನ್ನು ಆಸ್ಪತ್ರೆಗೆ ತಾನೇ ಒಪ್ಪಿಸಿ ಬಂದ.

ಹೊರಡುವ ಮುಂಚೆ ಜಗಲಿಯಲ್ಲಿ ಕೂತು ಹೇಳಿದ. ವಿಲ್ಲನ್ನು ಅವನ ವಕೀಲರಿಗೆ ತೋರಿಸಿದನಂತೆ. ಅವರು ಮೊದಲು ನೋಡಿದ್ದೇ ಸಾಕ್ಷಿಯ ಹೆಸರಂತೆ. ಅಜ್ಜನ ಕಾಲದ ಮನೆ, ಅಪ್ಪ ಹುಟ್ಟಿದ್ದು ಇದೇ ನಡುಕೋಣೆಯಲ್ಲಿ, ಬಿಡಲು ತನಗೂ ಮನಸ್ಸಿಲ್ಲ ಎಂದ.

"ನೀವು ಚಿಕ್ಕಮ್ಮನಿಗೆ ಮಾಡಿದ್ದನ್ನ ನಾವು ಮರೆಯಲ್ಲ ವರ್ನಾ. ಆದ್ರೆ ಕಾಯಿದೆ ಅಂದ್ರೆ ಕಾಯಿದೆ. ನೀವೇ ಅಲ್ವಾ ಹಾಗನ್ನೋರು? ಜುಲೈ ಕೊನೆ ತನಕ ಆರಾಮಾಗಿ ಇರಿ."

ಆರಾಮಾಗಿ! ನಾನು ಒಂಬತ್ತು ವರ್ಷ ಉಜ್ಜಿದ ನೆಲದ ಮೇಲೆ ನನಗೆ ಆರಾಮಾಗಿ ಇರಲು ಅಪ್ಪಣೆ.

ಮೇ 20

ರೂಬೆನ್ ಆಫೀಸು. ಮೂರು ಮೆಟ್ಟಿಲು. ಹತ್ತುವಾಗ ನನ್ನ ಮೊಣಕಾಲೂ ಕಟಕಟ ಅಂದಿತು. ನಾನು ಕೂರುತ್ತಿದ್ದ ಜಾಗದಲ್ಲಿ ಈಗ ಪ್ರಿಂಟರ್.

ನನಗೆ ಗೊತ್ತಿದ್ದದ್ದನ್ನೇ ಅವನು ಮೆಲ್ಲಗೆ ಹೇಳಿದ. ಸಾಕ್ಷಿ ಹಾಕಿದವಳಿಗೆ ಆಸ್ತಿ ಉಳಿಯಬೇಕಾದರೆ ಇನ್ನಿಬ್ಬರು ಬೇರೆ ಸಾಕ್ಷಿಗಳಿರಬೇಕು. ಇರುವುದು ಒಬ್ಬಳೇ, ಜಾಷ್ ಲೈನಿಗೆ ವಾಪಸ್ ಬರಲೇ ಇಲ್ಲ. ಇಲ್ಲವೇ ಗ್ಲೆನ್ ಒಪ್ಪಿ ಬರೆದುಕೊಡಬೇಕು. ಇಲ್ಲವೇ ಎಲ್ವಾ ಪೂರ್ತಿ ತಿಳಿದು, ತನ್ನ ಸ್ವಂತ ಮನಸ್ಸಿನಿಂದ, ಯಾವ ಹೆದರಿಕೆಯೂ ಇಲ್ಲದೆ ಕೊಟ್ಟಳೆಂದು ಜಡ್ಜ್‌ಗೆ ಮನವರಿಕೆ ಆಗಬೇಕು.

ಮಾರ್ಚ್ ಏಳನೇ ತಾರೀಕೇ ಗೊತ್ತಾಗಿತ್ತು ಎಂದು ಅವನಿಗೆ ಹೇಳಿದೆ. ಪೆನ್ನು ಕೆಳಗಿಟ್ಟ.

"ಆಗ್ಲೇ ಯಾಕೆ ಬರ್ಲಿಲ್ಲ ನೀವು? ಒಂದು ಫೋನ್ ಮಾಡಿದ್ರೆ ನಾನೇ ಆಸ್ಪತ್ರೆಗೆ ಹೋಗ್ತಿದ್ದೆ."

ಜಂಬ ಎಂದು ವಕೀಲರ ಕಡತದಲ್ಲಿ ಬರೆಸಲು ಬರುವುದಿಲ್ಲ.

ಗ್ಲೆನ್‌ಗೆ ಮೊದಲು ಕಾಗದ ಬರೆಯುವುದೆಂದು ಆಯಿತು. ಸಿಡ್ನಿ ಕಂಪನಿಗೂ ಒಂದು, ಆವತ್ತಿನದು ಏನಾದರೂ ದಾಖಲೆ ಇದೆಯೇ ಎಂದು.

ಜೂನ್ 6

ಗ್ಲೆನ್‌ನ ವಕೀಲರ ಉತ್ತರ. ಒಪ್ಪುವುದಿಲ್ಲ. ಜೊತೆಗೆ ನಾಲ್ಕು ಹಾಳೆ. ಗುರುತು ಸಿಗಲು ಒಂದು ಗಳಿಗೆ ಬೇಕಾಯಿತು — ನಾನು ಸಮಿತಿಗೆ ಬರೆದದ್ದೇ. ಸರ್ಕಾರದ ವೆಬ್‌ಸೈಟಿನಲ್ಲಿ ನನ್ನ ಹೆಸರು, ಜೆ.ಪಿ. ನಂಬರ್ ಸಮೇತ ಇದೆಯಂತೆ. ಯಾರು ಬೇಕಾದರೂ ಓದಬಹುದು. ಮೂರನೆಯ ಪುಟಕ್ಕೆ ಹಳದಿ ಬಳಿದಿದ್ದಾರೆ.

"ಆಸ್ತಿ ಪಡೆಯುವವರು ಸಾಕ್ಷಿಯಾಗಬಾರದೆಂಬ ನಿಯಮವನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ಹಸಿದವರೇ ಹಾಸಿಗೆಯ ಪಕ್ಕ ನಿಲ್ಲುವುದು. ಮರೆತು ಸಹಿ ಹಾಕಿದೆ ಎನ್ನುವವರನ್ನು ನಲವತ್ತು ವರ್ಷದಲ್ಲಿ ನಾನು ಬೇಕಾದಷ್ಟು ಕಂಡಿದ್ದೇನೆ. ಯಾರೂ ಮರೆತಿರುವುದಿಲ್ಲ."

ಚೆನ್ನಾಗಿ ಬರೆದಿದ್ದೇನೆ. ಒಂದು ಅಲ್ಪವಿರಾಮವನ್ನೂ ಆಚೀಚೆ ಮಾಡುವ ಹಾಗಿಲ್ಲ.

ಹೀಗೆ ನಾನು ವಾಪಸ್ ಕಳಿಸಿದವರು ಎಷ್ಟು ಜನ? ಒಬ್ಬ ಹೆಂಗಸು ನೆನಪಾಗುತ್ತಾಳೆ, ಅತ್ತೆಯ ವಿಲ್ಲಿಗೆ ಸಾಕ್ಷಿ ಹಾಕಿದ್ದಳು, ಬೇರೆ ಯಾರೂ ಮನೆಯಲ್ಲಿರಲಿಲ್ಲ ಎಂದು ಅಳುತ್ತಿದ್ದಳು. ಎಲ್ಲರೂ ಹೀಗೇ ಹೇಳುತ್ತಾರೆ ಎಂದು ಅವಳ ಮುಖಕ್ಕೇ ಅಂದಿದ್ದೆ.

ಆ ನಿಯಮವನ್ನು ಮುಂದೆ ತೆಗೆದರೂ ತೆಗೆಯಬಹುದು, ಪಕ್ಕದ ರಾಜ್ಯದಲ್ಲಿ ಈಗಾಗಲೇ ತೆಗೆದಿದ್ದಾರೆ ಎಂದ ರೂಬೆನ್. ಸಮಾಧಾನಕ್ಕೆ ಹೇಳಿದ್ದು. ತೆಗೆದರೂ ಈಗಾಗಲೇ ಸತ್ತವರಿಗೆ ಅದು ಸೇರುವುದಿಲ್ಲ.

ಸಂಜೆ ಸ್ಟೀಪೆ ಬೇಲಿಯ ಹತ್ತಿರ ಬಂದು ನಿಂತ. ತಿಂಗಳಲ್ಲಿ ಮೊದಲ ಸಲ ಬಾಯಿ ಬಿಟ್ಟ.

"ಆವತ್ತು ನಾನು ಮೀನು ಹಿಡಿಯೋ ಸಾಮಾನು ತರೋಕೆ ಹೋಗಿದ್ದೆ. ಅರ್ಧ ಗಂಟೆ ಇದೆಯಲ್ಲ ಅಂತ."

ನಿನ್ನ ತಪ್ಪಲ್ಲ ಎಂದೆ. ತಲೆ ಅಲ್ಲಾಡಿಸಿ ಹೋದ. ಅವನೂ ಇದನ್ನು ಹೊತ್ತುಕೊಂಡು ತಿರುಗುತ್ತಿದ್ದಾನೆ.

ಜೂನ್ 17, ಸೋಮವಾರ

ರೂಬೆನ್ ಫೋನ್. ಕಂಪನಿಯವರು ಆವತ್ತಿನ ವಿಡಿಯೊ ಇಟ್ಟಿದ್ದಾರಂತೆ. ಪೂರ್ತಿ ಇಪ್ಪತ್ಮೂರು ನಿಮಿಷ. ಎಲ್ವಾ ಗಟ್ಟಿಯಾಗಿ, ಈ ಮನೆ ವರ್ನಾದು ಎಂದದ್ದು ಅದರಲ್ಲಿದೆ. ತಲೆ ಚುರುಕಾಗಿದೆ, ಮಾತು ಸ್ಪಷ್ಟವಾಗಿದೆ, ಕೋರ್ಟಿಗೆ ಇದಕ್ಕಿಂತ ಏನು ಬೇಕು? ಹೊಸ ಕಾಯಿದೆಯನ್ನು ಮೊದಲ ಸಲ ಮನಸ್ಸಿನಲ್ಲೇ ಹೊಗಳಿದೆ. ಯಾವ ಕಾಗದ ಹೀಗೆ ಮಾತಾಡುತ್ತದೆ!

ಆದರೆ ಅವನ ದನಿಯಲ್ಲಿ ಖುಷಿ ಇರಲಿಲ್ಲ. ಮೊದಲ ಒಂಬತ್ತು ನಿಮಿಷ ನೀವಿಲ್ಲದ್ದು, ಹೊರಗೆ ಕಳಿಸಿದ್ದರಲ್ಲ, ಅದನ್ನು ಒಬ್ಬರೇ ಕೂತು ನೋಡಿ ಎಂದ. ಕೊಟ್ಟರೆ ಪೂರ್ತಿ ಕೊಡಬೇಕು, ಕತ್ತರಿಸಿ ಕೊಡುವ ಹಾಗಿಲ್ಲ. ಜಡ್ಜ್ ಅದನ್ನು ಹೇಗೆ ಬೇಕಾದರೂ ತೆಗೆದುಕೊಳ್ಳಬಹುದು. ಕೊಡುವುದೋ ಬಿಡುವುದೋ ನೀವೇ ಹೇಳಬೇಕು ಎಂದ.

ನಾಳೆ ನೋಡುತ್ತೇನೆ. ಇವತ್ತು ಆಗುವುದಿಲ್ಲ.

ಜೂನ್ 18, ಮಧ್ಯಾಹ್ನ ಮೂರು

ನೋಡಿದೆ. ಅವಳ ಕುರ್ಚಿಯಲ್ಲೇ ಕೂತು.

ಎಲ್ವಾಳ ಗಲ್ಲದ ಮೇಲೆ ಗಂಜಿ. ಒರೆಸದೆ ಹೋಗಿದ್ದೆ. ಟಾಲಿಯಾ ಪಟ್ಟಿಯಲ್ಲಿರುವ ಪ್ರಶ್ನೆ ಒಂದೊಂದಾಗಿ ಕೇಳುತ್ತಾಳೆ. ಹೆಸರು. ವಯಸ್ಸು. ಇವತ್ತು ಯಾವ ವಾರ. ಆಮೇಲೆ, ಈ ವಿಲ್ ಬಗ್ಗೆ ನಿಮ್ಮ ಮೇಲೆ ಯಾರದಾದರೂ ಒತ್ತಾಯ ಇದೆಯೇ ಎಂದು.

"ಒತ್ತಾಯನಾ? ಅವಳಿಗೆ ಈ ಮನೆನೇ ಬೇಡ. ತಗಡಿನ ಡಬ್ಬಿ ಅಂತಾಳೆ."

ಹುಡುಗಿ ಪಟ್ಟಿ ಬಿಟ್ಟು ಕೇಳುತ್ತಾಳೆ, ಹಾಗಾದರೆ ಯಾಕೆ ಕೊಡುತ್ತಿದ್ದೀರಿ ಎಂದು.

ಎಲ್ವಾ ಕಿಟಕಿಯ ಕಡೆ ನೋಡುತ್ತಾಳೆ. ಹಿತ್ತಲಲ್ಲಿ ನಾನಿದ್ದೆ.

"ಹೋಗದೆ ಇರ್ಲಿ ಅಂತ. ವಾರಕ್ಕೊಂದ್ಸಲ ಹೊರಟೆ ಅಂತಾಳೆ ಕಣಮ್ಮ. ಯಾವತ್ತಾದ್ರೂ ನಿಜವಾಗ್ಲೂ ಹೊರಟುಬಿಟ್ರೆ? ನನ್ನನ್ನ ತಗೊಂಡೋಗಿ ಆಶ್ರಮಕ್ಕೆ ಹಾಕ್ತಾರೆ. ಅಲ್ಲಿ ನನ್ನ ಹತ್ರ ಜಗಳ ಆಡೋರು ಯಾರು? ಮನೆ ಬರೆದಿದೀನಿ ಅಂದ್ರೆ ನಾನು ಹೋಗೋ ತನಕ ಇರ್ತಾಳೆ. ನೀನು ಬರ್ಕೊ."

ಮೂರು ಸಲ ಹಿಂದೆ ಓಡಿಸಿ ನೋಡಿದೆ.

ಹೌದು. ಹೇಳುತ್ತಿದ್ದೆ. ಈ ಡೈರಿಯಲ್ಲಿ ಒಂದು ಸಲವೂ ಬರೆದಿಲ್ಲ, ಬರೆಯುವಂಥ ಮಾತು ಅನ್ನಿಸಿರಲೇ ಇಲ್ಲ. ಸೂಪ್ ಚೆಲ್ಲಿದರೆ ಹೊರಟೆ. ಟಿ.ವಿ. ಜೋರು ಮಾಡಿದರೆ ಹೊರಟೆ. ಒಂದು ಸಲ ಪೆಟ್ಟಿಗೆಯನ್ನೂ ಹೊರಗೆ ತಂದಿಟ್ಟಿದ್ದೆ, ಬರಿಯ ಪೆಟ್ಟಿಗೆ, ಒಳಗೆ ಏನೂ ಇರಲಿಲ್ಲ. ಅವಳೂ ಹೋಗೇ ಹೋಗೇ ಎಂದು ನಗುತ್ತಿದ್ದಳು. ನಗುತ್ತಿದ್ದಳು ಎಂದುಕೊಂಡಿದ್ದೆ.

ನಾನು ಅವಳ ಮುಂದೆ ಬೇಡುವವಳ ಹಾಗೆ ಕಾಣಬಾರದೆಂದು ಬಾಯಿ ಮುಚ್ಚಿಕೊಂಡೆ. ಅವಳು ನನ್ನನ್ನು ಮನೆ ಕೊಟ್ಟು ಕಟ್ಟಿಹಾಕಿಕೊಂಡಳು. ಒಂದೇ ಸೂರಿನ ಕೆಳಗೆ ಒಂಬತ್ತು ವರ್ಷ, ಒಬ್ಬಳಿಗೊಬ್ಬಳು ಹೆದರಿಕೊಂಡು.

ರೂಬೆನ್‌ಗೆ ಫೋನ್ ಮಾಡಿದೆ. ಕೊಡು, ಪೂರ್ತಿ ಕೊಡು ಎಂದೆ. ಕೋರ್ಟಿನಲ್ಲಿ ಎಲ್ಲರೆದುರು ಹಾಕುತ್ತಾರೆ ಎಂದ. ಗೊತ್ತು. ಗ್ಲೆನ್ ನೋಡುತ್ತಾನೆ, ಊರು ನೋಡುತ್ತದೆ. ಎಲ್ವಾ ಕಿಟ್ಟೊ ತನ್ನನ್ನು ನೋಡಿಕೊಳ್ಳುವವಳಿಗೆ ಹೆದರುತ್ತಿದ್ದಳು ಎಂದು ಕ್ಲಬ್ಬಿನಲ್ಲಿ ಮಾತಾಡುತ್ತಾರೆ. ಆಡಲಿ. ನನಗೆ ಮನೆ ಬೇಕು. ಈಗಲೂ ಬೇಕು, ಇದನ್ನೆಲ್ಲ ಕೇಳಿದ ಮೇಲೂ ಬೇಕು.

ಗ್ಲೆನ್ ಕಡೆಯ ವಕೀಲರು ನನ್ನನ್ನು ನಿಲ್ಲಿಸಿ ಒಂದೇ ಪ್ರಶ್ನೆ ಕೇಳುತ್ತಾರಂತೆ. ಮನೆ ಬರೆಯದಿದ್ದರೂ ನೀವು ಅವರ ಜೊತೆ ಇರುತ್ತಿದ್ದಿರಾ? ತಡವರಿಸಬಾರದು, ಈಗಲೇ ಹೇಳಿ ಅಭ್ಯಾಸ ಮಾಡಿಕೊಳ್ಳಿ ಎಂದ ರೂಬೆನ್. ಫೋನಿನಲ್ಲೇ ಹೇಳಿ ನೋಡಿ ಎಂದ. ಆಮೇಲೆ ಮಾಡ್ತೀನಿ ಎಂದು ಇಟ್ಟುಬಿಟ್ಟೆ.

ಒಂದು ಸಾಲಿನ ಉತ್ತರ. ಪ್ರಮಾಣ ಮಾಡಿ, ಗುರುತಿಲ್ಲದ ಜಡ್ಜ್ ಎದುರು ಹೇಳಬೇಕು. ಯಾರು ಕೇಳಬೇಕಿತ್ತೋ ಅವಳು ದಿನಾ ಕೇಳುತ್ತಿದ್ದಳು, ನಾಳೆ ಬರ್ತೀಯಲ್ಲ ಎಂದು, ನಾನು ಗದರುತ್ತಿದ್ದೆ.

ಇಲ್ಲಿ ಬರೆದು ನೋಡುತ್ತೇನೆ ಮೊದಲು. ಯಾರೂ ಓದುವುದಿಲ್ಲ.

ಇರುತ್ತಿದ್ದೆ ಎಲ್ವಾ. ಮನೆ ಇಲ್ಲದಿದ್ದರೂ ನಾನು...